ನೋವು ನಿಂತರೆ ಕಿಡ್ನಿಯ ಹರಳು ಹೋಯಿತು ಎಂದಲ್ಲ

ನಮ್ಮ ಅಣ್ಣನಿಗೆ ಎಡ ಪಕ್ಕೆಯಲ್ಲಿ ನೋವು ಹಿಡಿದದ್ದು ಬೇಸಿಗೆ ಈರುಳ್ಳಿ ಕೀಳುವ ದಿನಗಳಲ್ಲಿ. ರೋಣದ ಕಡೆಯ ಎರೆಭೂಮಿ, ಏಪ್ರಿಲ್ ಬಿಸಿಲು, ದಿನವಿಡೀ ಒಂದು ಚರಿಗೆ ನೀರು. ರಾತ್ರಿ ಎರಡು ಗಂಟೆಗೆ ಎದ್ದು ಕೂತವನು ಬೆಳಗಿನವರೆಗೆ ಅಂಗಳದಲ್ಲಿ ಬಾಗಿಕೊಂಡು ತಿರುಗಾಡಿದ. ಊರಿನ ವೈದ್ಯರು ಸೂಜಿ ಹಾಕಿದರು, ನೋವು ಇಳಿಯಿತು. ಯಾರೋ ಹೇಳಿದರೆಂದು ಇಪ್ಪತ್ತೊಂದು ದಿನ ಬಾಳೆದಿಂಡಿನ ರಸ ಕುಡಿದ. ನಾಲ್ಕನೆಯ ದಿನದಿಂದಲೇ ನೋವು ಪೂರಾ ನಿಂತಿತ್ತು. ಫೋನಿನಲ್ಲಿ, "ಹರಳು ಕರಗಿತು ತಂಗಿ" ಎಂದ. ಹದಿನಾಲ್ಕು ವರ್ಷದಿಂದ ಹುಬ್ಬಳ್ಳಿಯಲ್ಲಿ ಯುರಾಲಜಿ, ಅಂದರೆ ಮೂತ್ರಾಂಗ ಕಾಯಿಲೆಗಳ ವಾರ್ಡಿನ ಶುಶ್ರೂಷಕಿಯಾಗಿರುವ ನಾನು, "ಸದ್ಯ, ಒಳ್ಳೆಯದಾಯಿತು" ಎಂದು ಸುಮ್ಮನಾದೆ. ಮತ್ತೊಮ್ಮೆ ಸ್ಕ್ಯಾನ್ ಮಾಡಿಸು ಎಂದು ಹೇಳಲಿಲ್ಲ.

ಐದು ತಿಂಗಳ ನಂತರ ಬೇರೆ ಯಾವುದೋ ಕಾರಣಕ್ಕೆ ಹೊಟ್ಟೆಯ ಸ್ಕ್ಯಾನ್ ಆಯಿತು. ಎಡ ಕಿಡ್ನಿ ನೀರು ತುಂಬಿದ ಚೀಲದಂತೆ ಊದಿತ್ತು, ಅದರ ಮಾಂಸಲ ಭಾಗ ಕಾಗದದಂತೆ ತೆಳ್ಳಗಾಗಿತ್ತು. 9 ಮಿಲಿಮೀಟರಿನ ಹರಳು ಮೂತ್ರವಾಹಿನಿಯ ಮೇಲ್ಭಾಗದಲ್ಲಿ ಇದ್ದಲ್ಲಿಯೇ ಕೂತಿತ್ತು. ಡಿಟಿಪಿಎ ಎಂಬ ಪರೀಕ್ಷೆ ಮಾಡಿಸಿದಾಗ ಎರಡೂ ಕಿಡ್ನಿಗಳ ಒಟ್ಟು ಕೆಲಸದಲ್ಲಿ ಎಡಗಡೆಯದರ ಪಾಲು ಶೇಕಡಾ 18 ಎಂದು ಬಂತು. ಅರ್ಧದಷ್ಟು ಇರಬೇಕಾದದ್ದು.

ಆ ದಿನ ಅಣ್ಣನಿಗೆ ಹೇಳಬೇಕಾಗಿದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಮದ್ದು, ಶಸ್ತ್ರಕ್ರಿಯೆ ತೀರ್ಮಾನಿಸುವವರು ವೈದ್ಯರು. ಆದರೆ ಯಾವಾಗ ಓಡಬೇಕು, ಏನು ಕೇಳಬೇಕು, ಏನನ್ನು ಮರೆಯಬಾರದು ಎಂಬುದು ಮನೆಯವರ ಕೈಯಲ್ಲಿದೆ.

ಕೆರೆಗೆ ಕೋಡಿ ಇದೆ, ಕಿಡ್ನಿಗೆ ಇಲ್ಲ

ಕಿಡ್ನಿಯಿಂದ ಮೂತ್ರಚೀಲಕ್ಕೆ ಇಳಿಯುವ ಕೊಳವೆಯೇ ಮೂತ್ರವಾಹಿನಿ. ಉದ್ದ 25ರಿಂದ 30 ಸೆಂಟಿಮೀಟರ್, ಒಳಗಿನ ಅಗಲ 3ರಿಂದ 4 ಮಿಲಿಮೀಟರ್ ಮಾತ್ರ. ಅದರಲ್ಲೂ ಮೂರು ಇಕ್ಕಟ್ಟುಗಳಿವೆ: ಕಿಡ್ನಿಯಿಂದ ಹೊರಡುವ ಬಾಯಿ, ಸೊಂಟದ ಎಲುಬಿನ ಬಳಿ ದೊಡ್ಡ ರಕ್ತನಾಳವನ್ನು ದಾಟುವ ಜಾಗ, ಮೂತ್ರಚೀಲದ ಗೋಡೆಯೊಳಗೆ ತೂರುವ ಕೊನೆಯ ತುದಿ. ಕೊನೆಯದು ಎಲ್ಲಕ್ಕಿಂತ ಇಕ್ಕಟ್ಟು. ಹರಳು ಸಿಕ್ಕಿಕೊಳ್ಳುವುದು ಹೆಚ್ಚಾಗಿ ಈ ಮೂರು ಕಡೆ.

ಕೆರೆಯ ತೂಬು ಕಟ್ಟಿಕೊಂಡರೆ ನೀರು ಕೋಡಿಯ ಮೇಲೆ ಹರಿದು ಏರಿ ಉಳಿಯುತ್ತದೆ. ಕಿಡ್ನಿಗೆ ಕೋಡಿ ಇಲ್ಲ. ಕೆಳಗೆ ದಾರಿ ಕಟ್ಟಿದರೂ ಮೇಲಿನಿಂದ ಮೂತ್ರ ಬರುತ್ತಲೇ ಇರುತ್ತದೆ. ಕಿಡ್ನಿ ಉಬ್ಬುತ್ತದೆ, ಅದರ ಹೊದಿಕೆ ಬಿಗಿಯುತ್ತದೆ, ಕೊಳವೆ ಹಿಂಡಿಕೊಳ್ಳುತ್ತದೆ. ಆಗಿನ ನೋವು ಹೆರಿಗೆ ನೋವಿಗಿಂತ ಹೆಚ್ಚು ಎಂದು ಎರಡೂ ಕಂಡ ಹೆಂಗಸರು ನನ್ನ ಮುಂದೆ ಹೇಳಿದ್ದಾರೆ. ಹರಳು ಚುಚ್ಚುವುದರಿಂದ ಈ ನೋವು ಎಂದು ಜನ ತಿಳಿಯುತ್ತಾರೆ. ಇದು ದಾರಿ ಕಟ್ಟಿದ ನೋವು. ಅದಕ್ಕೇ 2 ಸೆಂಟಿಮೀಟರಿನ ಹರಳು ಕಿಡ್ನಿಯೊಳಗೆ ವರ್ಷಗಟ್ಟಲೆ ಸದ್ದಿಲ್ಲದೆ ಇರಬಹುದು, ಕೊಳವೆಗೆ ಇಳಿದ 4 ಮಿಲಿಮೀಟರಿನದು ಆಳನ್ನು ನೆಲಕ್ಕೆ ಕೆಡವಬಹುದು.

ಅಣ್ಣನ ನೋವು ನಿಂತದ್ದು ಹೇಗೆ ಎಂಬುದಕ್ಕೆ ಉತ್ತರವೂ ಇಲ್ಲಿಯೇ ಇದೆ. ದಾರಿ ಕಟ್ಟಿ ಕೆಲವು ದಿನಗಳಾದ ಮೇಲೆ ಆ ಕಿಡ್ನಿಗೆ ಬರುವ ರಕ್ತ ಕಡಿಮೆಯಾಗುತ್ತದೆ, ಅದು ಮೂತ್ರ ತಯಾರಿಸುವುದನ್ನೇ ಇಳಿಸುತ್ತದೆ. ಒತ್ತಡ ತಗ್ಗುತ್ತದೆ, ನೋವೂ ತಗ್ಗುತ್ತದೆ. ಕೆರೆಯ ತೂಬು ತೆರೆದುಕೊಂಡಿರುವುದಿಲ್ಲ, ಕೆರೆಗೆ ಬರುವ ಹಳ್ಳ ಬತ್ತಿರುತ್ತದೆ. ದಾರಿ ಪೂರ್ತಿ ಕಟ್ಟಿದ್ದರೆ ಎರಡು ವಾರದ ಹೊತ್ತಿಗೆ ಮರಳಿ ಬಾರದ ಹಾನಿ ಶುರುವಾಗುತ್ತದೆ, ಆರು ವಾರ ಕಳೆದರೆ ಉಳಿಯುವುದು ಬಹಳ ಕಡಿಮೆ. ಅರೆಬರೆ ಕಟ್ಟಿದ್ದರೆ ಇನ್ನಷ್ಟು ಸಮಯ ಸಿಗುತ್ತದೆ. ಪೂರ್ತಿಯೋ ಅರೆಬರೆಯೋ ಎಂಬುದು ನೋವಿನಿಂದ ತಿಳಿಯುವುದಿಲ್ಲ.

ನೋವು ಹಿಡಿದ ರಾತ್ರಿ

ಯಾವುದೇ ಮಾತ್ರೆ ಕೊಡುವ ಮೊದಲು ಥರ್ಮಾಮೀಟರ್ ಇಡಿ. ಪ್ಯಾರಾಸಿಟಮಾಲ್ ಆಗಲಿ, ಡೈಕ್ಲೋಫೆನಾಕ್ ಆಗಲಿ ನೋವಿನ ಜೊತೆಗೆ ಜ್ವರವನ್ನೂ ಇಳಿಸುತ್ತದೆ. ಆಸ್ಪತ್ರೆಗೆ ಬಂದಾಗ ಮೈ ತಣ್ಣಗಿರುತ್ತದೆ, ಜ್ವರವಿತ್ತು ಎಂಬ ಸುಳಿವು ಅಳಿಸಿಹೋಗಿರುತ್ತದೆ. ಎಷ್ಟು ಗಂಟೆಗೆ ಎಷ್ಟು ಜ್ವರ, ಎಷ್ಟು ಗಂಟೆಗೆ ಯಾವ ಮಾತ್ರೆ, ಕೊನೆಯ ಸಲ ಮೂತ್ರ ಹೋದದ್ದು ಯಾವಾಗ. ಈ ಮೂರನ್ನು ಒಂದು ಚೀಟಿಯಲ್ಲಿ ಬರೆದುಕೊಂಡು ಬಂದವರ ಚಿಕಿತ್ಸೆ ಬೇಗ ಶುರುವಾಗುತ್ತದೆ. ನಾನು ಅದನ್ನು ಕಣ್ಣಾರೆ ನೋಡಿದ್ದೇನೆ.

ಜ್ವರ 100.4 ಫ್ಯಾರನ್‌ಹೀಟ್ ದಾಟಿದ್ದರೆ, ಚಳಿ ಬಂದು ಹಲ್ಲು ಕಟಕಟ ಎನ್ನುತ್ತಿದ್ದರೆ ಬೆಳಗಾಗುವುದನ್ನು ಕಾಯಬೇಡಿ. 108ಕ್ಕೆ ಕರೆ ಮಾಡಿ. ಇದರ ಬಗ್ಗೆ ಮುಂದೆ ವಿವರವಾಗಿ ಹೇಳುತ್ತೇನೆ. ಒಂದೇ ಕಿಡ್ನಿ ಇರುವವರು, ಹಿಂದೆ ಯಾರಿಗೋ ಕಿಡ್ನಿ ದಾನ ಮಾಡಿದವರು, ಬದಲಿ ಕಿಡ್ನಿ ಹಾಕಿಸಿಕೊಂಡವರು, ಗರ್ಭಿಣಿಯರು, ಎರಡೂ ಪಕ್ಕೆಯಲ್ಲಿ ನೋವಿರುವವರು, ಮೂತ್ರವೇ ಬಾರದವರು, ಕುಡಿದ ಹನಿ ನೀರೂ ನಿಲ್ಲದೆ ವಾಂತಿಯಾಗುವವರು ಅದೇ ರಾತ್ರಿ ಹೊರಡಬೇಕು. ಅರುವತ್ತು ದಾಟಿದವರಿಗೆ ಜೀವನದಲ್ಲಿ ಮೊದಲ ಬಾರಿ ಇಂಥ ಪಕ್ಕೆನೋವು ಬಂದರೂ ಹಾಗೆಯೇ. ಹೊಟ್ಟೆಯ ಮಹಾರಕ್ತನಾಳ ಊದಿ ಸೋರುವಾಗಲೂ ನೋವು ಹೀಗೆಯೇ ಇರುತ್ತದೆ. ಮುಟ್ಟು ತಪ್ಪಿರುವ ಹೆಣ್ಣುಮಕ್ಕಳಲ್ಲಿ ಗರ್ಭನಾಳದೊಳಗಿನ ಗರ್ಭ ಒಡೆದಿರಬಹುದು. ಇವನ್ನು ಹರಳು ಎಂದುಕೊಂಡು ಮಲಗಿಸಿದರೆ ಜೀವಕ್ಕೇ ಅಪಾಯ.

ಹರಳಿನ ನೋವಿನಲ್ಲಿ ಮನುಷ್ಯ ಒಂದು ಕಡೆ ಇರಲಾರ. ಹೊರಳುತ್ತಾನೆ, ಏಳುತ್ತಾನೆ, ಗೋಡೆಗೆ ಒರಗುತ್ತಾನೆ. ಅಪೆಂಡಿಕ್ಸ್ ಊದಿದವರು ಕದಲಿದರೆ ನೋವು ಹೆಚ್ಚುತ್ತದೆಂದು ಅಲುಗಾಡದೆ ಮಲಗಿರುತ್ತಾರೆ. ಹರಳು ಇಳಿದಂತೆ ನೋವೂ ಪಕ್ಕೆಯಿಂದ ಕಿಬ್ಬೊಟ್ಟೆಗೆ, ತೊಡೆಸಂದಿಗೆ, ಗಂಡಸರಲ್ಲಿ ವೃಷಣಕ್ಕೆ ಇಳಿಯುತ್ತದೆ. ಮೂತ್ರಚೀಲದ ಬಾಯಿಗೆ ಬಂದಾಗ ಐದು ನಿಮಿಷಕ್ಕೊಮ್ಮೆ ಅವಸರ, ಹೋದರೆ ನಾಲ್ಕೇ ಹನಿ. ಜನ ಇದನ್ನು ಉರಿಮೂತ್ರ ಎಂದು ತಿಳಿದು ಮೆಡಿಕಲ್ ಅಂಗಡಿಯಿಂದ ಆಂಟಿಬಯೋಟಿಕ್ ತಂದು ನುಂಗುತ್ತಾರೆ. ಹಾಗೆ ಮಾಡಬೇಡಿ.

ನೋವಿಗೆ ಅತ್ಯುತ್ತಮ ಮದ್ದು ಡೈಕ್ಲೋಫೆನಾಕ್ ಗುಂಪಿನದು. ಆಸ್ಪತ್ರೆಯಲ್ಲಿ 75 ಮಿಲಿಗ್ರಾಂ ಸೂಜಿಯಾಗಿ ಕೊಡುತ್ತಾರೆ. ಆದರೆ ಕಿಡ್ನಿ ಈಗಾಗಲೇ ಸೋತಿರುವವರಿಗೆ, ಹೊಟ್ಟೆಹುಣ್ಣು ಇರುವವರಿಗೆ, ಹೃದಯ ಕಾಯಿಲೆ ಇರುವವರಿಗೆ, ಗರ್ಭಿಣಿಯರಿಗೆ ಅದು ಸಲ್ಲದು. ಈ ತೊಂದರೆಗಳನ್ನು ಸೂಜಿ ಹಿಡಿದವರಿಗೆ ಮೊದಲೇ ಹೇಳಿ. ಮನೆಯಲ್ಲಿ ದಾರಿ ಕಾಣದಿದ್ದರೆ ಜ್ವರ ನೋಡಿ ಬರೆದುಕೊಂಡ ಮೇಲೆ ಒಂದು ಪ್ಯಾರಾಸಿಟಮಾಲ್ 650, ಪಕ್ಕೆಗೆ ಬಿಸಿನೀರಿನ ಚೀಲ. ಶಾಖ ನಿಜಕ್ಕೂ ಹಿತ ಕೊಡುತ್ತದೆ.

ಇನ್ನು ನೀರಿನ ಮಾತು. ನೋವಿನಲ್ಲಿ ಒದ್ದಾಡುವವನ ಮುಂದೆ ಕೊಡ ಇಟ್ಟು "ಕುಡಿ, ತಳ್ಳಿಕೊಂಡು ಹೋಗುತ್ತದೆ" ಎನ್ನುವವರು ಪ್ರತಿ ಮನೆಯಲ್ಲಿ ಒಬ್ಬರಿದ್ದಾರೆ. ಪ್ರೀತಿಯಿಂದಲೇ ಹೇಳುತ್ತಾರೆ. ಆದರೆ ಕಟ್ಟಿದ ದಾರಿಯ ಹಿಂದೆ ನೀರು ಹೆಚ್ಚಿಸಿದರೆ ಹರಳು ತಳ್ಳಿಕೊಂಡು ಹೋಗುವುದಿಲ್ಲ, ಒತ್ತಡ ಏರಿ ನೋವು ಹೆಚ್ಚುತ್ತದೆ. ಹನಿ ನೀರಾವರಿಯ ಪೈಪಿನಲ್ಲಿ ಕಸ ಸಿಕ್ಕಾಗ ಮೋಟಾರ್ ಜೋರು ಮಾಡಿದರೆ ಏನಾಗುತ್ತದೆ ಎಂದು ಅಣ್ಣನಿಗೆ ಕೇಳಿದೆ, ತಕ್ಷಣ ಅರ್ಥವಾಯಿತು. ಬಾಯಾರಿಕೆಗೆ ತಕ್ಕಷ್ಟು ಸಾಕು. ವಾಂತಿಯಾಗಿ ಒಣಗಿದ್ದರೆ ಡ್ರಿಪ್ ಹಾಕುತ್ತಾರೆ. ಹೆಚ್ಚು ನೀರು ಕುಡಿಯುವ ಕಾಲ ಮುಂದಿದೆ, ಹರಳು ಹೊರಬಿದ್ದ ಮೇಲೆ, ಜೀವನಪೂರ್ತಿ.

ರಿಪೋರ್ಟನ್ನು ಓದಿಕೊಳ್ಳಿ

ಮೂತ್ರ ಪರೀಕ್ಷೆ, ಯಾವ ಸೋಂಕು ಎಂದು ತಿಳಿಸುವ ಮೂತ್ರದ ಕಲ್ಚರ್, ರಕ್ತದಲ್ಲಿ ಬಿಳಿ ಕಣಗಳ ಎಣಿಕೆ, ಕಿಡ್ನಿಯ ಕೆಲಸ ಅಳೆಯುವ ಕ್ರಿಯಾಟಿನಿನ್. ಇವು ಮೊದಲು. ಕಲ್ಚರಿಗೆ ಮೂತ್ರ ಕೊಡುವುದು ಆಂಟಿಬಯೋಟಿಕ್ ಶುರುವಾಗುವ ಮೊದಲೇ ಆಗಬೇಕು. ಒಂದು ಎಚ್ಚರ: ಒಂದು ಕಿಡ್ನಿ ಕಟ್ಟಿದರೂ ಇನ್ನೊಂದು ಚೆನ್ನಾಗಿದ್ದರೆ ಕ್ರಿಯಾಟಿನಿನ್ ಸರಿಯಾಗಿಯೇ ಬರುತ್ತದೆ. ಅಣ್ಣನದು ಐದು ತಿಂಗಳ ನಂತರವೂ 1.1 ಇತ್ತು.

ಅಲ್ಟ್ರಾಸೌಂಡ್ ಎಲ್ಲ ಕಡೆ ಸಿಗುತ್ತದೆ, ವಿಕಿರಣವಿಲ್ಲ, ಕಿಡ್ನಿ ಊದಿದೆಯೇ ಎಂಬುದನ್ನು ಚೆನ್ನಾಗಿ ತೋರಿಸುತ್ತದೆ. ಮೂತ್ರಚೀಲ ತುಂಬಿಕೊಂಡು ಹೋದರೆ ಕೊನೆಯ ತುದಿಯ ಹರಳೂ ಕಾಣುತ್ತದೆ. ಆದರೆ ಕೊಳವೆಯ ನಡುಭಾಗ ಕರುಳಿನ ಗಾಳಿಯ ಹಿಂದೆ ಅಡಗಿರುತ್ತದೆ. "ಕಿಡ್ನಿ ಊದಿದೆ, ಹರಳು ಕಾಣಲಿಲ್ಲ" ಎಂದು ಬರೆದಿದ್ದರೆ ಹರಳಿಲ್ಲ ಎಂದು ಅರ್ಥವಲ್ಲ. ಆಗ ಕೇಳಬೇಕಾದದ್ದು ಎನ್‌ಸಿಸಿಟಿ, ಅಂದರೆ ಬಣ್ಣದ ಸೂಜಿ ಇಲ್ಲದ ಸಿಟಿ ಸ್ಕ್ಯಾನ್. ಕೆಲವೇ ನಿಮಿಷದ ಕೆಲಸ. ಹೆಚ್ಚುಕಡಿಮೆ ಎಲ್ಲ ಬಗೆಯ ಹರಳೂ ಅದರಲ್ಲಿ ಸಿಗುತ್ತದೆ. ಗರ್ಭಿಣಿಯರಿಗೆ ಮಾತ್ರ ಅಲ್ಟ್ರಾಸೌಂಡಿನಲ್ಲಿಯೇ ಆದಷ್ಟು ತಿಳಿಯುತ್ತಾರೆ.

ರಿಪೋರ್ಟಿನಲ್ಲಿ ನಾಲ್ಕು ಸಂಗತಿ ಹುಡುಕಿ. ಅಳತೆ ಎಷ್ಟು ಮಿಲಿಮೀಟರ್. ಜಾಗ ಎಲ್ಲಿ: ಪಿಯುಜೆ ಎಂದರೆ ಕಿಡ್ನಿಯ ಬಾಯಿ, ವಿಯುಜೆ ಎಂದರೆ ಮೂತ್ರಚೀಲದ ಬಾಯಿ, ನಡುವೆ ಅಪ್ಪರ್, ಮಿಡ್, ಲೋಯರ್ ಯುರೆಟರ್. ಊತ ಎಷ್ಟು: ಹೈಡ್ರೊನೆಫ್ರೋಸಿಸ್ ಮೈಲ್ಡ್, ಮಾಡರೇಟ್, ಸಿವಿಯರ್ ಎಂದಿರುತ್ತದೆ. ನಾಲ್ಕನೆಯದು ಎಚ್‌ಯು ಎಂಬ ಸಂಖ್ಯೆ, ಹರಳಿನ ಗಟ್ಟಿತನದ ಅಂದಾಜು. 1000 ದಾಟಿದ್ದರೆ ಹೊರಗಿನಿಂದ ತರಂಗ ಕೊಟ್ಟು ಪುಡಿಮಾಡುವುದು ಕಷ್ಟ. ಬಹಳ ಕಡಿಮೆ ಇದ್ದು, ಎಕ್ಸ್‌ರೇಯಲ್ಲಿ ಹರಳು ಕಾಣದೆ ಇದ್ದರೆ ಅದು ಯೂರಿಕ್ ಆಮ್ಲದ್ದಾಗಿರಬಹುದು. ಮದ್ದಿಗೆ ಕರಗುವ ಸಾಮಾನ್ಯ ಹರಳು ಅದೊಂದೇ. ಪೊಟ್ಯಾಸಿಯಂ ಸಿಟ್ರೇಟ್ ಕೊಟ್ಟು ಮೂತ್ರದ ಪಿಎಚ್ 6.5ರ ಆಸುಪಾಸಿಗೆ ಏರಿಸಿ, ಕಾಗದದ ಪಟ್ಟಿಯಿಂದ ಅಳೆಯುತ್ತಾ ವಾರಗಟ್ಟಲೆ ಕರಗಿಸುತ್ತಾರೆ.

ಹೆಚ್ಚಿನವರ ಹರಳು ಕ್ಯಾಲ್ಸಿಯಂ ಆಕ್ಸಲೇಟ್. ಅದನ್ನು ಕರಗಿಸುವ ರಸ, ಸೊಪ್ಪು, ಕಷಾಯ ಯಾವುದೂ ಇಲ್ಲ. ಬಾಳೆದಿಂಡು, ಹುರುಳಿ ಕಟ್ಟು, ಕಾಡುಬಸಳೆ, ನೆಗ್ಗಿಲು ಕುಡಿದವರಿಗೆ ಹರಳು ಬಿದ್ದದ್ದು ಸುಳ್ಳಲ್ಲ. ಚಿಕ್ಕ ಹರಳು ಏನೂ ಕುಡಿಯದಿದ್ದರೂ ಬೀಳುತ್ತದೆ. ಹುರುಳಿ ಸಾರು ನನಗೂ ಇಷ್ಟ, ಊಟಕ್ಕೆ ಮಾಡಿಕೊಳ್ಳಿ. ರಸ ಕುಡಿಯುತ್ತಿದ್ದೇವೆ ಎಂಬ ಧೈರ್ಯದಲ್ಲಿ ಸ್ಕ್ಯಾನ್ ಬಿಟ್ಟುಬಿಡುವುದೇ ಮುಳುವು.

ಕಾಯಬಹುದಾದವರು, ಕಾಯುವ ರೀತಿ

ಜ್ವರವಿಲ್ಲ, ನೋವು ಮಾತ್ರೆಗೆ ತಗ್ಗುತ್ತದೆ, ಕ್ರಿಯಾಟಿನಿನ್ ಸರಿಯಿದೆ, ಇನ್ನೊಂದು ಕಿಡ್ನಿ ಚೆನ್ನಾಗಿದೆ, ಹರಳು ಚಿಕ್ಕದು. ಇಷ್ಟೂ ಕೂಡಿದ್ದರೆ ಕಾಯಬಹುದು. 5 ಮಿಲಿಮೀಟರಿಗಿಂತ ಚಿಕ್ಕದಾದರೆ ಹತ್ತು ಜನರಲ್ಲಿ ಸುಮಾರು ಏಳು ಜನಕ್ಕೆ ತಾನಾಗಿ ಬೀಳುತ್ತದೆ. 5ರಿಂದ 10ರ ನಡುವೆ ಇದ್ದರೆ ಸುಮಾರು ಅರ್ಧದಷ್ಟು ಜನಕ್ಕೆ. ಕೆಳಗಿಳಿದಷ್ಟೂ ಅವಕಾಶ ಹೆಚ್ಚು. 10 ಮಿಲಿಮೀಟರಿಗಿಂತ ದೊಡ್ಡದನ್ನು ಕಾಯುತ್ತಾ ಕೂರುವುದರಲ್ಲಿ ಅರ್ಥವಿಲ್ಲ.

ಕೊಳವೆಯ ಕೆಳಭಾಗದಲ್ಲಿ 5 ಮಿಲಿಮೀಟರಿಗಿಂತ ದೊಡ್ಡ ಹರಳಿದ್ದರೆ ಟ್ಯಾಮ್ಸುಲೋಸಿನ್ 0.4 ಎಂಬ ಮಾತ್ರೆ ಬರೆಯುತ್ತಾರೆ. ಕೊಳವೆಯ ಬಿಗಿತ ಸಡಿಲಿಸುವ ಮದ್ದು. ಅಂಗಡಿಯವರು "ಇದು ಗಂಡಸರ ಪ್ರಾಸ್ಟೇಟಿನ ಮಾತ್ರೆ" ಎಂದದ್ದಕ್ಕೆ ಹೆದರಿ ಬಿಟ್ಟ ಹೆಂಗಸರು ನಮ್ಮಲ್ಲಿಗೆ ಮರಳಿ ಬಂದಿದ್ದಾರೆ. ಹೆಂಗಸರಿಗೂ ಇದನ್ನೇ ಕೊಡುತ್ತಾರೆ. ರಾತ್ರಿ ಊಟದ ನಂತರ ತೆಗೆದುಕೊಳ್ಳಿ, ಹಾಸಿಗೆಯಿಂದ ನಿಧಾನ ಏಳಿ, ರಕ್ತದೊತ್ತಡ ಇಳಿದು ಕಣ್ಣು ಕತ್ತಲೆ ಬರಬಹುದು. ಗಂಡಸರಲ್ಲಿ ವೀರ್ಯ ಹೊರಬಾರದೆ ಇರುವುದುಂಟು, ಮಾತ್ರೆ ನಿಲ್ಲಿಸಿದರೆ ಸರಿಹೋಗುತ್ತದೆ. ಕಣ್ಣಿನ ಪೊರೆಯ ಶಸ್ತ್ರಕ್ರಿಯೆ ಹತ್ತಿರವಿದ್ದರೆ ಕಣ್ಣಿನ ವೈದ್ಯರಿಗೆ ಈ ಮಾತ್ರೆಯ ಹೆಸರು ಹೇಳಲೇಬೇಕು.

ಈ ದಿನಗಳಲ್ಲಿ ಪ್ರತಿ ಸಲವೂ ಮೂತ್ರವನ್ನು ಸೋಸಿ. ಒಂದು ಬಿಳಿ ಪ್ಲಾಸ್ಟಿಕ್ ಮಗ್, ಇದಕ್ಕಾಗಿಯೇ ತೆಗೆದಿಟ್ಟ ಒಂದು ಸ್ಟೀಲಿನ ಚಹಾ ಸೋಸಣಿಗೆ. ಮಗ್ಗಿನಲ್ಲಿ ಹಿಡಿದು, ಸೋಸಣಿಗೆಯ ಮೇಲೆ ಸುರಿದು, ಬೆಳಕಿನಲ್ಲಿ ನೋಡಬೇಕು. ಅಂಗೈ ಅಗಲದ ಕಲ್ಲನ್ನು ನಿರೀಕ್ಷಿಸಬೇಡಿ. ನಾನು ಗಾಜ್ ಬಟ್ಟೆಯ ಮೇಲೆ ಇಟ್ಟು ತೋರಿಸುವ ಹರಳುಗಳು ಎಳ್ಳಿಗಿಂತ ಸ್ವಲ್ಪ ದೊಡ್ಡವು, ಹಳೆಯ ಬೆಲ್ಲದ ಬಣ್ಣ, ಉಗುರಿನಿಂದ ಮುಟ್ಟಿದರೆ ನೆಗ್ಗಿಲ ಮುಳ್ಳಿನಂತೆ ಮೈಯೆಲ್ಲ ಮೊನೆ. ಅಷ್ಟು ನೋವಿಗೆ ಕಾರಣ ಇದೇನಾ ಎಂದು ರೋಗಿಗಳು ನಂಬುವುದೇ ಇಲ್ಲ. ಸಿಕ್ಕರೆ ನೀರಿನಲ್ಲಿ ತೊಳೆದು, ಒಣಗಿಸಿ, ಖಾಲಿ ಮಾತ್ರೆ ಡಬ್ಬಿಯಲ್ಲಿ ಹಾಕಿ ತನ್ನಿ. ಅಂಟುಪಟ್ಟಿಯಲ್ಲಿ ಸುತ್ತಬೇಡಿ, ಅದರ ಗೋಂದು ಪರೀಕ್ಷೆಯನ್ನು ಕೆಡಿಸುತ್ತದೆ. ಯಾವ ಬಗೆಯ ಹರಳು ಎಂದು ಗೊತ್ತಾದರೆ ಮುಂದಿನದನ್ನು ತಡೆಯುವ ದಾರಿ ಗೊತ್ತಾಗುತ್ತದೆ.

ಹರಳು ಕಣ್ಣಾರೆ ಸಿಗಲಿ, ಸಿಗದಿರಲಿ, ನೋವು ಇರಲಿ, ನಿಂತಿರಲಿ, ಮತ್ತೊಂದು ಸ್ಕ್ಯಾನ್ ಆಗಲೇಬೇಕು. ವೈದ್ಯರು ಎರಡು ವಾರಕ್ಕೆ ಕರೆದರೆ ಎರಡು ವಾರಕ್ಕೆ ಹೋಗಿ. ಕಾಯುವುದಕ್ಕೆ ಹೊರಗಿನ ಗಡಿ ನಾಲ್ಕರಿಂದ ಆರು ವಾರ. ಸ್ಕ್ಯಾನಿನಲ್ಲಿ ಎರಡು ಉತ್ತರ ಬೇಕು: ಹರಳು ಹೋಗಿದೆಯೇ, ಕಿಡ್ನಿಯ ಊತ ಇಳಿದಿದೆಯೇ. ನಾನು ಅಣ್ಣನಿಗೆ ಹೇಳದೆ ಉಳಿದ ಮಾತು ಇದು.

ಜ್ವರ ಬಂದರೆ

ಕಟ್ಟಿದ ಮೂತ್ರದಲ್ಲಿ ಸೋಂಕು ಸೇರಿದರೆ ಅದು ಕಿಡ್ನಿ ಹರಳಿನ ಕಾಯಿಲೆಯಾಗಿ ಉಳಿಯುವುದಿಲ್ಲ, ಗಂಟೆಗಳ ಲೆಕ್ಕದ ತುರ್ತಾಗುತ್ತದೆ. ಒತ್ತಡದಲ್ಲಿರುವ ಕೀವು ನೇರ ರಕ್ತಕ್ಕೆ ನುಗ್ಗುತ್ತದೆ. ಆಂಟಿಬಯೋಟಿಕ್ ಒಂದರಿಂದಲೇ ಇದು ಗುಣವಾಗದು, ಏಕೆಂದರೆ ಕಟ್ಟಿಕೊಂಡ ಕಿಡ್ನಿಯೊಳಗೆ ಮದ್ದು ಸರಿಯಾಗಿ ತಲುಪುವುದೇ ಇಲ್ಲ. ಮೊದಲು ಕೀವು ಹೊರಬರಬೇಕು.

ಅದಕ್ಕೆ ಎರಡು ದಾರಿ. ಮೂತ್ರದ್ವಾರದಿಂದ ದುರ್ಬೀನು ಹಾಕಿ ಹರಳಿನ ಪಕ್ಕದಿಂದ ತೆಳು ನಳಿಕೆ ತೂರಿಸುವುದು, ಅದು ಡಿಜೆ ಸ್ಟೆಂಟ್. ಇಲ್ಲವೇ ಬೆನ್ನಿನಿಂದ ಸ್ಕ್ಯಾನ್ ನೋಡುತ್ತಾ ಕಿಡ್ನಿಗೆ ಸೂಜಿ ಹಾಕಿ ಹೊರಗಿನ ಚೀಲಕ್ಕೆ ನಳಿಕೆ ಕೊಡುವುದು, ಅದು ಪಿಸಿಎನ್. ಎರಡೂ ಸಮಾನ ಪರಿಣಾಮದವು. ಆ ಹೊತ್ತಿಗೆ ಯಾವುದು ಬೇಗ ಆಗುತ್ತದೋ, ರೋಗಿ ಯಾವುದನ್ನು ತಾಳುತ್ತಾರೋ ಅದು.

ಐವತ್ತು ದಾಟಿದ, ಮಧುಮೇಹವಿದ್ದ ಒಬ್ಬ ತಾಯಿಯನ್ನು ಮೂರು ದಿನ ಮನೆಯಲ್ಲಿ ಜ್ವರದ ಮಾತ್ರೆ ಕೊಟ್ಟು ಕರೆತಂದಿದ್ದರು. ಬರುವಾಗ ಮೈ ಬಿಸಿಯೇ ಇರಲಿಲ್ಲ. ಉಸಿರು ನಿಮಿಷಕ್ಕೆ ಮೂವತ್ತು, ರಕ್ತದೊತ್ತಡ 80, ಮಗನ ಹೆಸರು ಕೇಳಿದರೆ ಬೇರೆ ಏನೋ ಹೇಳುತ್ತಿದ್ದರು. ಬೆನ್ನಿನ ಸೂಜಿ ಒಳಗೆ ಹೋದಾಗ ಸಿರಿಂಜಿಗೆ ಬಂದದ್ದು ಮೂತ್ರವಲ್ಲ, ಕೆಟ್ಟ ಮಜ್ಜಿಗೆಯಂಥ ದಪ್ಪ ಹಳದಿ ದ್ರವ. ಚೀಲ ಹಿಡಿದು ನಿಂತಿದ್ದವಳು ನಾನು. ಮರುದಿನ ಸಂಜೆಗೆ ರಕ್ತದೊತ್ತಡ ಸ್ಥಿರವಾಯಿತು, ಮೂರನೆಯ ದಿನ ಅನ್ನ ಕೇಳಿದರು. ಹರಳನ್ನು ತೆಗೆದದ್ದು ಮೂರು ವಾರದ ಮೇಲೆ. ಮನೆಯವರು "ಮಲಗಿಸಿಯೇ ಇದ್ದೀರಿ, ಹರಳನ್ನೂ ಈಗಲೇ ತೆಗೆಯಿರಿ" ಎಂದು ಒತ್ತಾಯಿಸುತ್ತಾರೆ. ಸೋಂಕಿರುವಾಗ ಹರಳು ಒಡೆಯಲು ಒಳಗೆ ನೀರು ಹಾಯಿಸಿದರೆ ಸೋಂಕು ರಕ್ತಕ್ಕೆ ನುಗ್ಗುತ್ತದೆ. ಎರಡು ಸಲ ಮಾಡುವುದು ಹಣಕ್ಕಾಗಿ ಅಲ್ಲ, ದಯವಿಟ್ಟು ನಂಬಿ.

ಆ ತಾಯಿಯಂತೆ ವಯಸ್ಸಾದವರಲ್ಲಿ, ಮಧುಮೇಹಿಗಳಲ್ಲಿ ಜ್ವರ ಕಾಣದೆಯೂ ಇರಬಹುದು. ಏದುಸಿರು, ಗಲಿಬಿಲಿ, ತಣ್ಣಗಿನ ಬೆವರು, ಮೂತ್ರ ಕಡಿಮೆಯಾಗುವುದು. ಇವುಗಳಲ್ಲಿ ಯಾವುದಿದ್ದರೂ ಜ್ವರವಿದ್ದಂತೆಯೇ ತಿಳಿದು ಹೊರಡಿ. ಹೊರಡುವ ಮೊದಲು ಫೋನ್ ಮಾಡಿ, ರಾತ್ರಿ ಸ್ಟೆಂಟ್ ಅಥವಾ ಪಿಸಿಎನ್ ಹಾಕುವವರು ಇದ್ದಾರೆಯೇ ಎಂದು ಕೇಳಿ. ಇಲ್ಲದ ಕಡೆ ಹೋಗಿ ನಾಲ್ಕು ಗಂಟೆ ಕಳೆದು ಮತ್ತೆ ಆಂಬುಲೆನ್ಸ್ ಹತ್ತುವ ಪಾಡು ಬೇಡ.

ತೆಗೆಯುವ ವಿಧಾನ

ಹರಳು ತಾನಾಗಿ ಬೀಳದಿದ್ದರೆ ಕೊಳವೆಯ ಹರಳಿಗೆ ಈಗ ಹೆಚ್ಚಾಗಿ ಮಾಡುವುದು ಯುಆರ್‌ಎಸ್‌ಎಲ್. ಬೆನ್ನಿಗೆ ಸೂಜಿ ಕೊಟ್ಟು ಅಥವಾ ಪೂರ್ಣ ಅರಿವಳಿಕೆಯಲ್ಲಿ, ಮೂತ್ರದ್ವಾರದಿಂದಲೇ ತೆಳುವಾದ ದುರ್ಬೀನು ಏರಿಸಿ, ಲೇಸರಿನಿಂದ ಹರಳನ್ನು ಪುಡಿಮಾಡುತ್ತಾರೆ. ಗಾಯವಿಲ್ಲ, ಹೊಲಿಗೆಯಿಲ್ಲ. ಬಾಗುವ ದುರ್ಬೀನಿನಿಂದ ಕಿಡ್ನಿಯೊಳಗೂ ಹೋಗುವುದು ಆರ್‌ಐಆರ್‌ಎಸ್. ಕಿಡ್ನಿಯಲ್ಲಿ 2 ಸೆಂಟಿಮೀಟರ್ ಮೀರಿದ ಹರಳಿಗೆ ಬೆನ್ನಿನಲ್ಲಿ ಸಣ್ಣ ರಂಧ್ರ ಮಾಡುವ ಪಿಸಿಎನ್‌ಎಲ್. ಹೊರಗಿನಿಂದ ತರಂಗ ಕೊಡುವ ಇಎಸ್‌ಡಬ್ಲ್ಯುಎಲ್ 1980ರಲ್ಲಿ ಜರ್ಮನಿಯ ಮ್ಯೂನಿಕ್‌ನಲ್ಲಿ ಮೊದಲು ಬಳಕೆಗೆ ಬಂತು. ಅರಿವಳಿಕೆ ಬೇಡ ಎಂಬುದು ಅನುಕೂಲ, ಪುಡಿಯಾದ ಚೂರುಗಳು ತಾವಾಗಿ ಬೀಳಬೇಕು ಎಂಬುದು ಮಿತಿ. ಗರ್ಭಿಣಿಯರಿಗೆ, ರಕ್ತ ಹೆಪ್ಪುಗಟ್ಟದ ತೊಂದರೆ ಇರುವವರಿಗೆ ಅದನ್ನು ಮಾಡುವುದಿಲ್ಲ. ರಕ್ತ ತೆಳುವಾಗಿಸುವ ಮಾತ್ರೆ ನುಂಗುತ್ತಿದ್ದರೆ ಮೊದಲೇ ಹೇಳಿ, ನೀವಾಗಿ ನಿಲ್ಲಿಸಬೇಡಿ.

ಖರ್ಚಿನ ಭಯದಿಂದ ತಿಂಗಳು ದೂಡುವವರು ಬಹಳ. ಬಿಪಿಎಲ್ ಕುಟುಂಬಕ್ಕೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಇದೆ. ತುರ್ತಾದರೆ ರೆಫರಲ್ ಪತ್ರಕ್ಕೆ ಕಾಯಬೇಕಾಗಿಲ್ಲ, ಯೋಜಿತ ಶಸ್ತ್ರಕ್ರಿಯೆಗೆ ಸರ್ಕಾರಿ ಆಸ್ಪತ್ರೆಯಿಂದ ಪತ್ರ ಬೇಕಾಗಬಹುದು. ದಾಖಲಾಗುವ ಮೊದಲೇ ಆಸ್ಪತ್ರೆಯಲ್ಲಿ ಈ ಯೋಜನೆಯ ಸಹಾಯಕರಾದ ಆರೋಗ್ಯಮಿತ್ರರ ಮೇಜಿಗೆ ಪಡಿತರ ಚೀಟಿ, ಆಧಾರ್ ಒಯ್ದು ಕೇಳಿ. ಬೆಂಗಳೂರಿನಲ್ಲಿ ವಿಕ್ಟೋರಿಯಾ ಆಸ್ಪತ್ರೆಯ ಆವರಣದಲ್ಲಿರುವ ಸರ್ಕಾರಿ ನೆಫ್ರೋ ಯುರಾಲಜಿ ಸಂಸ್ಥೆ ಇದಕ್ಕಾಗಿಯೇ ಇರುವುದು.

ಒಳಗೆ ಬಿಟ್ಟ ನಳಿಕೆ

ಶಸ್ತ್ರಕ್ರಿಯೆಯ ನಂತರ ಕೊಳವೆ ಊದಿ ಮತ್ತೆ ಕಟ್ಟದಿರಲೆಂದು ಡಿಜೆ ಸ್ಟೆಂಟ್ ಬಿಟ್ಟಿರುತ್ತಾರೆ. ಸುಮಾರು 26 ಸೆಂಟಿಮೀಟರಿನ ಮೆತ್ತನೆಯ ನಳಿಕೆ, ಎರಡೂ ತುದಿ ಸುರುಳಿ. ಒಂದು ಸುರುಳಿ ಕಿಡ್ನಿಯಲ್ಲಿ, ಇನ್ನೊಂದು ಮೂತ್ರಚೀಲದಲ್ಲಿ. ಪದೇಪದೇ ಅವಸರ, ಮೂತ್ರ ಮಾಡುವಾಗ ಪಕ್ಕೆಯಲ್ಲಿ ಎಳೆತ, ಓಡಾಡಿದ ದಿನ ತಿಳಿಗೆಂಪು ಮೂತ್ರ, ಇವೆಲ್ಲ ಸಹಜ. ಜ್ವರ, ರಕ್ತದ ಗಡ್ಡೆ, ಮೂತ್ರ ನಿಲ್ಲುವುದು ಸಹಜವಲ್ಲ.

ಹೆಚ್ಚಿನವರಿಗೆ ಇದನ್ನು ಒಂದರಿಂದ ಆರು ವಾರದೊಳಗೆ ತೆಗೆಯುತ್ತಾರೆ. ಮೂರು ತಿಂಗಳು ದಾಟಬಾರದು. ಆದರೆ ಕೆಲವು ದಿನಕ್ಕೆ ಕಿರಿಕಿರಿ ತಗ್ಗುತ್ತದೆ, ಸುಗ್ಗಿ ಬರುತ್ತದೆ, ಮಗಳ ಮದುವೆ ಬರುತ್ತದೆ, ಜನ ಮರೆಯುತ್ತಾರೆ. ಎರಡು ವರ್ಷ ಮರೆತ ಸ್ಟೆಂಟನ್ನು ಎಕ್ಸ್‌ರೇಯಲ್ಲಿ ನೋಡಿದ್ದೇನೆ. ಎರಡೂ ಸುರುಳಿಯ ಮೇಲೆ ನಿಂಬೆಗಾತ್ರದ ಹೊಸ ಹರಳು ಬೆಳೆದು, ಎಳೆದರೆ ಬಾರದೆ, ಮೂರು ಶಸ್ತ್ರಕ್ರಿಯೆ ಬೇಕಾಯಿತು. ಸಮಯಕ್ಕೆ ತೆಗೆಸಿದರೆ ಅರಿವಳಿಕೆಯ ಜೆಲ್ಲಿ ಹಾಕಿ ಕೆಲವೇ ನಿಮಿಷದ ಕೆಲಸ.

ಅದಕ್ಕೇ ನಾನು ಡಿಸ್ಚಾರ್ಜ್ ಹಾಳೆ ಕೊಡುವಾಗ ರೋಗಿಯ ಮೊಬೈಲ್ ಕೇಳಿ ಪಡೆದು ತಾರೀಖು ಹಾಕಿ ಅಲಾರಾಂ ಇಡುತ್ತೇನೆ. ಜೊತೆಗಿರುವವರ ಮೊಬೈಲಿನಲ್ಲೂ ಇಡುತ್ತೇನೆ. "ಮನೆಗೆ ಹೋದ ಕೂಡಲೇ ಗೋಡೆಯ ಕ್ಯಾಲೆಂಡರಿನಲ್ಲಿ ಕೆಂಪು ಪೆನ್ನಿನಿಂದ ಸುತ್ತು ಹಾಕಿ, ಒಳಗೆ ನಳಿಕೆ ಇದೆ ಎಂದು ಬರೆಯಿರಿ" ಎನ್ನುತ್ತೇನೆ.

ಒಮ್ಮೆ ಹರಳು ಬಂದವರಲ್ಲಿ ಸುಮಾರು ಅರ್ಧದಷ್ಟು ಜನಕ್ಕೆ ಹತ್ತು ವರ್ಷದೊಳಗೆ ಮತ್ತೆ ಬರುತ್ತದೆ. ಬೋರ್‌ವೆಲ್ಲಿನ ಗಡಸು ನೀರೇ ಕಾರಣ ಎಂದು ನಮ್ಮ ಕಡೆ ಎಲ್ಲರೂ ಹೇಳುತ್ತಾರೆ. ಗಡಸು ಎಷ್ಟು ಎಂಬುದಕ್ಕಿಂತ ಎಷ್ಟು ಕುಡಿಯುತ್ತೀರಿ ಎಂಬುದು ಮುಖ್ಯ. ದಿನಕ್ಕೆ ಎರಡೂವರೆ ಲೀಟರ್ ಮೂತ್ರ ಹೋಗುವಷ್ಟು ಕುಡಿಯಬೇಕು. ಬಿಸಿಲಲ್ಲಿ ದುಡಿಯುವವರಿಗೆ ಅದು ನಾಲ್ಕು ಲೀಟರ್ ನೀರಾದರೂ ಆದೀತು. ಹಾಲು ಮೊಸರು ಬಿಡಬೇಡಿ. ಊಟದಲ್ಲಿನ ಕ್ಯಾಲ್ಸಿಯಂ ಕರುಳಿನಲ್ಲಿಯೇ ಆಕ್ಸಲೇಟನ್ನು ಹಿಡಿದು ಹೊರಹಾಕುತ್ತದೆ. ಪಾಲಕ್, ರಾಜಗಿರಿ ತಿನ್ನುವ ದಿನ ಜೊತೆಗೆ ಮೊಸರಿರಲಿ. ಉಪ್ಪು ಕಡಿಮೆ ಮಾಡಿ, ಉಪ್ಪಿನಕಾಯಿ, ಹಪ್ಪಳ, ಸಂಡಿಗೆ ಲೆಕ್ಕಕ್ಕೆ ಬರುತ್ತವೆ. ನಿಂಬೆ ಹಿಂಡಿದ ನೀರು ಒಳ್ಳೆಯದು, ಅದಕ್ಕೆ ಉಪ್ಪು ಬೇಡ.

ಅಣ್ಣನ ಹರಳನ್ನು ಲೇಸರಿನಲ್ಲಿ ತೆಗೆದು, ಸ್ಟೆಂಟನ್ನು ನಾಲ್ಕನೆಯ ವಾರ ತೆಗೆಸಿದೆವು. ಆರು ತಿಂಗಳ ನಂತರದ ಡಿಟಿಪಿಎಯಲ್ಲಿ ಎಡ ಕಿಡ್ನಿ ಶೇಕಡಾ 22. ಅದಕ್ಕಿಂತ ಮೇಲೇರಲಿಲ್ಲ. ಈಗ ಹೊಲಕ್ಕೆ ಹೋಗುವಾಗ ಎರಡು ಲೀಟರಿನ ಎರಡು ಬಾಟಲಿ ಒಯ್ಯುತ್ತಾನೆ. ಪ್ರತಿ ಯುಗಾದಿಗೂ ದಸರೆಗೂ ಹುಬ್ಬಳ್ಳಿಗೆ ಬಂದು ಸ್ಕ್ಯಾನ್ ಮಾಡಿಸುತ್ತಾನೆ, ನೋವಿಲ್ಲದಿದ್ದರೂ.